ಪ್ರತಿಗಳ ಲೆಕ್ಕ, ಓದುಗರ ಲೆಕ್ಕ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡಿನ ಶ್ರಾವಕ ಸಮಾಜವು ಹಿಂದಿನಿಂದಲೂ ಹಿರಿದಾದ ಸ್ಥಾನವನ್ನು ಕೊಟ್ಟಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಬಾಲಕರಿಗೂ ತಿಳಿದದ್ದು. ಆದರೆ ಸಾವಿರ ಎಂಬ ಸಂಖ್ಯೆಗೆ ದೊರೆಯುವ ಗಮನವು ಅದರ ಹಿಂದಿನ ವಿವೇಕಕ್ಕೆ ದೊರೆಯುವುದಿಲ್ಲ. ಓಲೆಗರಿಯ ಕಾಲದಲ್ಲಿ ಗ್ರಂಥಕ್ಕೂ ಓದುಗನಿಗೂ ನಡುವೆ ಇದ್ದ ದೊಡ್ಡ ಅಡ್ಡಿಯೆಂದರೆ ಪ್ರತಿಗಳ ಅಭಾವ. ಆ ಮಹಾಸತಿಯು ತನ್ನ ಕಾಲದ ಅಡ್ಡಿ ಯಾವುದೆಂಬುದನ್ನು ಗುರುತಿಸಿ ಅದನ್ನೇ ನಿವಾರಿಸಿದಳು. ಇಂದು ಅಚ್ಚುಕೂಟಗಳಿಗೆ ಕೊರತೆಯಿಲ್ಲ, ಪ್ರತಿಗಳಿಗೂ ಕೊರತೆಯಿಲ್ಲ. ಆದರೂ ಪುಸ್ತಕ ಕೈಯಲ್ಲಿದ್ದು ಓದಲಾರದ ವಿದ್ಯಾರ್ಥಿಗಳಿದ್ದಾರೆ. ಅವರ ಪಾಲಿಗೆ ಅಡ್ಡಿಯಾಗಿರುವುದು ಪ್ರತಿಯ ಅಭಾವವಲ್ಲ, ಪುಸ್ತಕದ ರೂಪವೇ ಆಗಿದೆ. ಈ ವ್ಯತ್ಯಾಸವನ್ನು ಇಂದಿನ ಪಠ್ಯಪುಸ್ತಕ ರಚನೆಯೂ ಇಂದಿನ ಪುಸ್ತಕದಾನವೂ ಇನ್ನೂ ಸರಿಯಾಗಿ ಗ್ರಹಿಸಿಲ್ಲ ಎಂಬುದು ಇಲ್ಲಿಯ ವಿಮರ್ಶೆಯ ವಿಷಯ.

ಅಚ್ಚನ್ನು ಓದಲಾರದವರೆಂದೊಡನೆ ಅಂಧರು ಮಾತ್ರ ನೆನಪಾಗುವುದು ಮೊದಲ ತಪ್ಪು. 2013ರ ಜೂನ್ ತಿಂಗಳಿನಲ್ಲಿ ಮರಾಕೆಶ್ ನಗರದಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದವು ಇಂಥವರನ್ನು ಮೂರು ಬಗೆಯಾಗಿ ಗುರುತಿಸುತ್ತದೆ. ಕಣ್ಣು ಕಾಣದವರು ಮೊದಲ ಬಗೆ. ಮಂದದೃಷ್ಟಿಯವರೂ, ಕಣ್ಣು ಚೆನ್ನಾಗಿದ್ದು ಅಕ್ಷರಗಳನ್ನು ಕೂಡಿಸಿ ಓದಲು ಮಾತ್ರ ಆಗದಂತಹ ಡಿಸ್ಲೆಕ್ಸಿಯಾ ಮುಂತಾದ ಕಲಿಕೆಯ ತೊಡಕುಳ್ಳವರೂ ಎರಡನೆಯ ಬಗೆ. ಕೈಗಳ ದೌರ್ಬಲ್ಯದಿಂದ ಪುಸ್ತಕವನ್ನು ಹಿಡಿಯಲಾಗದವರು, ಪುಟ ಮಗುಚಲಾಗದವರು, ಸಾಲಿನಿಂದ ಸಾಲಿಗೆ ಕಣ್ಣು ಹಾಯಿಸಲಾಗದವರು ಮೂರನೆಯ ಬಗೆ. ಈ ಮೂವರಿಗೂ ಒಂದೇ ಮದ್ದು ಸಲ್ಲದು. ಒಬ್ಬನಿಗೆ ಬ್ರೈಲ್ ಬೇಕು, ಮತ್ತೊಬ್ಬಳಿಗೆ ದಪ್ಪಕ್ಷರದ ಪುಟ ಸಾಕು, ಇನ್ನೊಬ್ಬನಿಗೆ ಕಿವಿಗೆ ಕೇಳುವ ಪಾಠದ ಜೊತೆಗೆ ಕಣ್ಣಿಗೆ ಕಾಣುವ ಸಾಲೂ ಬೇಕು.

ಈ ವಿಚಾರಕ್ಕೆ ದೊಡ್ಡ ನಗರಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೇಲೂರು ತಾಲ್ಲೂಕಿನ ಹಗರೆಯಂತಹ ಒಂದು ಊರನ್ನು ಮನಸ್ಸಿಗೆ ತಂದುಕೊಂಡರೆ ಸಾಕು. ಅಲ್ಲಿಯ ಸೀಮೆ ಅಕ್ಷರಕ್ಕೆ ಹೆಸರಾದದ್ದು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ಪ್ರಸಿದ್ಧವಾದ ಹಲ್ಮಿಡಿ ಶಾಸನವು ಅದೇ ತಾಲ್ಲೂಕಿನದು, 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ವಿದ್ವಲ್ಲೋಕದ ಗಮನಕ್ಕೆ ತಂದರು. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೂ ಶಾಸನವಿದೆ. ಯಾತ್ರಿಕರು ಬರುತ್ತಾರೆ, ಶಾಸನದ ಮುಂದೆ ನಿಲ್ಲುತ್ತಾರೆ, ಕೈಮುಗಿಯುತ್ತಾರೆ. ಅವರಲ್ಲಿ ಓದಬಲ್ಲವರು ಎಷ್ಟು ಮಂದಿ? ಕಣ್ಣಿದೆ, ವಿದ್ಯೆಯಿದೆ, ಭಾಷೆಯೂ ಮನೆಯದೇ. ಆದರೂ ಆ ಹಳೆಯ ಲಿಪಿ ಅವರಿಗೆ ಮೂಕವಾಗಿಯೇ ಉಳಿಯುತ್ತದೆ. ಅದಕ್ಕಾಗಿ ಆ ಯಾತ್ರಿಕನನ್ನು ಯಾರೂ ನ್ಯೂನಾಂಗನೆಂದು ಕರೆಯುವುದಿಲ್ಲ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದಾಗ ಅದೇ ಶಾಸನಗಳು ಓದಲು ದೊರೆತವು. ಓದುಗ ಬದಲಾಗಲಿಲ್ಲ, ಬರಹದ ರೂಪ ಬದಲಾಯಿತು. ಹಳೆಯ ಲಿಪಿಯ ವಿಷಯದಲ್ಲಿ ಎಲ್ಲರಿಗೂ ಒಪ್ಪಿಗೆಯಾಗುವ ಈ ನ್ಯಾಯವು ಶಾಲೆಯ ಮಗುವಿನ ವಿಷಯದಲ್ಲಿ ಏಕೆ ಒಪ್ಪಿಗೆಯಾಗಬಾರದು?

ಈಗ ಪಠ್ಯಪುಸ್ತಕವನ್ನೇ ತೆಗೆದುಕೊಳ್ಳೋಣ. ಅದು ಕಣ್ಣುಳ್ಳ ಮಗುವನ್ನು ಮುಂದಿಟ್ಟುಕೊಂಡು ರಚಿತವಾಗುತ್ತದೆ. ಚಿತ್ರ ನೋಡಿ ಉತ್ತರಿಸಿ, ನಕ್ಷೆಯಲ್ಲಿ ಗುರುತಿಸಿ, ಬಣ್ಣದ ಅಕ್ಷರಗಳಲ್ಲಿರುವ ಪದಗಳನ್ನು ಗಮನಿಸಿ ಎಂಬ ಸೂಚನೆಗಳು ಅಲ್ಲಿ ಸಹಜ. ಸಮಾಜ ವಿಜ್ಞಾನದ ಪಾಠದಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಒಂದು ಚಿತ್ರವಿದ್ದು, ಅದರ ಕೆಳಗೆ ದೇವಾಲಯದ ಹೆಸರು ಮಾತ್ರ ಇದೆಯೆಂದು ಭಾವಿಸಿದರೆ, ಪಾಠವನ್ನು ಕೇಳಿ ಕಲಿಯುವ ಮಗುವಿಗೆ ದೊರೆಯುವುದು ಆ ಹೆಸರಷ್ಟೆ. ಬಳಪದ ಕಲ್ಲಿನ ಕಟ್ಟಡ, ನಕ್ಷತ್ರದಂತೆ ಮೂಲೆಮೂಲೆಯಾಗಿ ಹರಡಿದ ಜಗತಿ, ಒಂದರ ಪಕ್ಕದಲ್ಲಿ ಒಂದು ಎರಡು ಗರ್ಭಗೃಹಗಳು, ಗೋಡೆಯ ತಳದ ಪಟ್ಟಿಕೆಯಲ್ಲಿ ಆನೆಗಳ ಸಾಲು ಎಂದು ಮೂರು ಸಾಲು ಬರೆದಿದ್ದರೆ ದೇವಾಲಯವೇ ಆ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತಿತ್ತು. ಹಳೇಬೀಡಿಗೆ ಹತ್ತಿರದಲ್ಲೇ ಬೆಳೆದ ಮಗುವು ತನ್ನ ಸೀಮೆಯ ಶಿಲ್ಪವನ್ನು ಹೆಸರಿನಿಂದ ಮಾತ್ರ ತಿಳಿಯುವಂತಾಗುವುದು ಪಠ್ಯರಚನೆಯ ದೋಷವೇ ಹೊರತು ಆ ಮಗುವಿನದಲ್ಲ. ಇಂಥ ವಿವರಣೆ ಬರೆಯಲು ಯಂತ್ರ ಬೇಡ, ಹೆಚ್ಚಿನ ಹಣವೂ ಬೇಡ. ಬರೆಯುವವರ ಮನಸ್ಸಿನಲ್ಲಿ ಅಂಥ ಓದುಗನೊಬ್ಬನಿರಬೇಕು, ಅಷ್ಟೆ. ಹಾಗೆ ಬರೆದ ವಿವರಣೆಯಿಂದ ಕಣ್ಣುಳ್ಳ ಮಕ್ಕಳೂ ಚಿತ್ರವನ್ನು ಹೇಗೆ ನೋಡಬೇಕೆಂಬುದನ್ನು ಕಲಿಯುತ್ತಾರೆ ಎಂಬುದು ಮೇಲಿನ ಲಾಭ.

ಬ್ರೈಲ್ ಲಿಪಿಯ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ರೂಪಿಸಿದ ಆರು ಚುಕ್ಕೆಗಳ ಮನೆಯಿಂದ ಅರವತ್ತಮೂರು ಸಂಕೇತಗಳು ಹುಟ್ಟುತ್ತವೆ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಒಪ್ಪಿಗೆಯಾಯಿತು. ಕನ್ನಡದ ಬ್ರೈಲ್ ಅದರ ಅಂಗವೇ. ಅದರ ಕ್ರಮ ತಿಳಿದರೆ ಬ್ರೈಲ್ ಪುಸ್ತಕ ಏಕೆ ಗಾತ್ರವಾಗುತ್ತದೆಂಬುದೂ ತಿಳಿಯುತ್ತದೆ. ಅಚ್ಚಿನಲ್ಲಿ ಗುಣಿತಾಕ್ಷರ ಒಂದೇ ಅಕ್ಷರ. ಬ್ರೈಲಿನಲ್ಲಿ ವ್ಯಂಜನಕ್ಕೊಂದು ಮನೆ, ಅದರ ಸ್ವರಕ್ಕೆ ಮತ್ತೊಂದು ಮನೆ. ಹಗರೆ ಎಂಬ ಹೆಸರು ಅಚ್ಚಿನಲ್ಲಿ ಮೂರು ಅಕ್ಷರವಾದರೆ ಬ್ರೈಲಿನಲ್ಲಿ ನಾಲ್ಕು ಮನೆ. ಬೇಲೂರು ಮೂರಕ್ಕೆ ಆರು. ಹಳೇಬೀಡು ನಾಲ್ಕಕ್ಕೆ ಏಳು. ಒತ್ತಕ್ಷರಕ್ಕೆ ಮುಂದೆ ಒಂದು ಚುಕ್ಕೆಯ ಸೂಚನೆ ಬೇರೆ. ದಪ್ಪ ಕಾಗದ, ಉಬ್ಬಿದ ಚುಕ್ಕೆ, ಅಗಲವಾದ ಪುಟ ಇವೆಲ್ಲ ಸೇರಿ ಅಚ್ಚಿನ ಒಂದು ಪುಸ್ತಕ ಬ್ರೈಲಿನಲ್ಲಿ ಹಲವು ಸಂಪುಟಗಳಾಗುತ್ತದೆ. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. ವಿಶೇಷ ಶಾಲೆಗಳೂ ದೊಡ್ಡ ಊರುಗಳಲ್ಲಿವೆ. ಆದರೆ ತನ್ನ ಊರಿನ ಶಾಲೆಯಲ್ಲೇ ಇತರರೊಡನೆ ಕಲಿಯುವ ಒಂಟಿ ವಿದ್ಯಾರ್ಥಿಗೆ ಬೇಕಾದ ಪುಸ್ತಕ, ಬೇಕಾದ ತಿಂಗಳಿನಲ್ಲಿ, ಅವನ ಹಳ್ಳಿಗೆ ತಲುಪುವುದು ಬೇರೆಯದೇ ಸಮಸ್ಯೆ.

ಹಾಗಾದರೆ ಯಾರಾದರೂ ಓದಿ ಹೇಳಿದರೆ ಸಾಲದೇ, ಶ್ರುತವೆಂದರೆ ಕೇಳಿದ್ದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಕೇಳಿ ಕಲಿತ ವಿದ್ಯೆ ಕಡಿಮೆಯದೆಂದು ಈ ನಾಡಿನಲ್ಲಿ ಯಾರೂ ಹೇಳಲಾರರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ, 2010ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ದೃಷ್ಟಿಯಿಲ್ಲದೆಯೇ ಸಂಗೀತದಲ್ಲಿ ಶಿಖರವನ್ನೇರಿದರು; ಪುಟ್ಟರಾಜರು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥಗಳನ್ನು ರಚಿಸಿದರು. ಆದರೆ ಅವರ ಹಿಂದೆ ಗುರುಕುಲವೊಂದಿತ್ತು, ದಿನವಿಡೀ ಜೊತೆಗಿರುವ ಗುರುಗಳೂ ಸಹಪಾಠಿಗಳೂ ಇದ್ದರು ಎಂಬುದನ್ನು ಮರೆಯಬಾರದು. ಇಂದಿನ ವಿದ್ಯಾರ್ಥಿಗೆ ಓದಿ ಹೇಳುವವರು ತಾಯಿ, ಅಕ್ಕ, ನೆರೆಮನೆಯವರು. ಅವರಿಗೆ ಬಿಡುವಾದಾಗ ಓದು, ಬಿಡುವಿಲ್ಲದಾಗ ಇಲ್ಲ. ಒಂದು ಸಾಲು ತಿಳಿಯದಿದ್ದರೆ ಮೂರನೆಯ ಬಾರಿ ಓದಿರೆಂದು ಕೇಳಲು ಆ ಮಗುವಿಗೆ ಸಂಕೋಚ. ಪರಾವಲಂಬನೆಯ ಓದಿನಲ್ಲಿ ವಿಷಯ ತಿಳಿಯಬಹುದು, ಅಧ್ಯಯನ ಸಾಗದು.

ಕಿವಿಯ ಓದಿಗೆ ಇನ್ನೊಂದು ಮಿತಿಯೂ ಉಂಟು. ಮಾತಿನಲ್ಲಿ ಮಹಾಪ್ರಾಣವು ಅಲ್ಪಪ್ರಾಣವಾಗಿಯೂ, ಶಕಾರ ಷಕಾರಗಳು ಒಂದೇ ಆಗಿಯೂ ಕೇಳಿಬರುವುದು ಸಾಮಾನ್ಯ. ಕೇಳಿಯಷ್ಟೇ ಕಲಿತ ವಿದ್ಯಾರ್ಥಿಗೆ ಕಾಗುಣಿತವು ಊಹೆಯ ವಿಷಯವಾಗುತ್ತದೆ. ಬ್ರೈಲ್ ಓದುವವನ ಬೆರಳಿಗಾದರೋ ಪ್ರತಿಯೊಂದು ಅಕ್ಷರವೂ ಸ್ಪಷ್ಟ. ಆದುದರಿಂದ ಧ್ವನಿ ಬಂದಿತು, ಇನ್ನು ಬ್ರೈಲ್ ಬೇಡ ಎನ್ನುವುದೂ ಸರಿಯಲ್ಲ. ಬ್ರೈಲ್ ಒಂದಿದ್ದರೆ ಸಾಕು ಎನ್ನುವುದೂ ಸರಿಯಲ್ಲ. ಬೆಂಗಳೂರಿನಲ್ಲಿ 1990ರಲ್ಲಿ ಆರಂಭವಾದ ಮಿತ್ರಜ್ಯೋತಿಯಂತಹ ಸಂಸ್ಥೆಗಳು ಧ್ವನಿಪುಸ್ತಕಗಳನ್ನೂ ಬ್ರೈಲನ್ನೂ ಜೊತೆಜೊತೆಯಾಗಿ ನಡೆಸಿಕೊಂಡು ಬಂದಿರುವುದು ಈ ತಿಳಿವಳಿಕೆಯಿಂದಲೇ.

ಇಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿಯಿದೆ. ಬ್ರೈಲ್, ದಪ್ಪಕ್ಷರ, ಧ್ವನಿ ಎಂಬ ಮೂರು ರೂಪಗಳಿಗೂ ಇಂದು ಮೂಲ ಒಂದೇ. ಅದು ಪುಸ್ತಕದ ಗಣಕ ಕಡತ. ಕಡತ ಸರಿಯಾಗಿದ್ದರೆ ಅದರಿಂದ ಯಂತ್ರವು ಬ್ರೈಲನ್ನು ಒತ್ತಬಲ್ಲದು, ಅಕ್ಷರವನ್ನು ಹಿಗ್ಗಿಸಬಲ್ಲದು, ಗಟ್ಟಿಯಾಗಿ ಓದಿ ಹೇಳಬಲ್ಲದು. ಸಾಧಾರಣ ಮೊಬೈಲ್ ಫೋನಿನಲ್ಲೂ ಈಗ ಕನ್ನಡವನ್ನು ಓದಿ ಹೇಳುವ ವ್ಯವಸ್ಥೆಯಿದೆ. ಆದರೆ ಕನ್ನಡದ ಪುಸ್ತಕಗಳಲ್ಲಿ ಬಹಳಷ್ಟು ಸಿದ್ಧವಾದದ್ದು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ. ಆ ವಿಧಾನದಲ್ಲಿ ಗಣಕವು ಉಳಿಸಿಕೊಳ್ಳುವುದು ಇಂಗ್ಲಿಷ್ ಮುಂತಾದ ರೋಮನ್ ಲಿಪಿಯ ಸಂಕೇತಗಳನ್ನು. ಪರದೆಯ ಮೇಲೆ ಅವುಗಳಿಗೆ ಕನ್ನಡದ ಆಕಾರವನ್ನು ತೊಡಿಸಲಾಗುತ್ತದೆ. ನುಡಿಯ ಹಳೆಯ ಕಡತದಲ್ಲಿ ಕನ್ನಡ ಎಂಬ ಪದವು ಇಂಗ್ಲಿಷಿನ ಪಿ ಅಕ್ಷರದಿಂದ ಆರಂಭವಾಗುತ್ತದೆ. ಧರ್ಮ ಎಂಬ ಪದದಲ್ಲಿ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿ ಕಾಣುವುದರಿಂದ ಕಡತದಲ್ಲೂ ಅದು ಕೊನೆಯಲ್ಲೇ ಕುಳಿತಿರುತ್ತದೆ, ಉಚ್ಚಾರಣೆಯ ಕ್ರಮದಲ್ಲಿ ಅಲ್ಲ. ಕಣ್ಣುಳ್ಳವನಿಗೆ ಪುಟ ಸುಂದರ. ಓದುವ ಯಂತ್ರಕ್ಕೆ ಅದು ಅರ್ಥವಿಲ್ಲದ ಗೊಣಗಾಟ. ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ಕ ಎಂದರೆ ಕ, ಧರ್ಮದ ರಕಾರ ಮಕಾರಕ್ಕಿಂತ ಮೊದಲು. ನುಡಿ, ಬರಹಗಳೂ ಮುಂದೆ ಯೂನಿಕೋಡನ್ನು ಅಳವಡಿಸಿಕೊಂಡವು. ಸಾಧನವಿದ್ದೂ ಹಳೆಯ ರೂಢಿಯಲ್ಲೇ ಪುಸ್ತಕ ಸಿದ್ಧವಾದರೆ, ದೃಷ್ಟಿಹೀನ ವಿದ್ಯಾರ್ಥಿಗಾಗಿ ಯಾರೋ ಒಬ್ಬರು ಅದೇ ಪುಸ್ತಕವನ್ನು ಮತ್ತೆ ಮೊದಲಿನಿಂದ ಬೆರಳಚ್ಚು ಮಾಡಬೇಕಾಗುತ್ತದೆ, ಇಲ್ಲವೇ ಯಂತ್ರದಿಂದ ಪರಿವರ್ತಿಸಿ ಒತ್ತಕ್ಷರಗಳ ತಪ್ಪುಗಳನ್ನು ಒಂದೊಂದಾಗಿ ತಿದ್ದಬೇಕಾಗುತ್ತದೆ. ಒಮ್ಮೆ ಹಣ ತೆತ್ತು ಮಾಡಿಸಿದ ಕೆಲಸಕ್ಕೆ ಎರಡನೆಯ ಬಾರಿ ದುಡಿಮೆ ತೆರುವ ಈ ಪದ್ಧತಿಯನ್ನು ಯಾವ ಅಂಗಡಿಯ ಲೆಕ್ಕಪುಸ್ತಕವೂ ಒಪ್ಪದು.

ಕಾನೂನಿನ ಭಯವೂ ಈಗ ಉಳಿದಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಬಂದ ತಿದ್ದುಪಡಿಯಂತೆ, ಅಚ್ಚನ್ನು ಓದಲಾರದವರಿಗಾಗಿ ಯಾವ ಕೃತಿಯನ್ನಾದರೂ ಅವರಿಗೆ ಎಟುಕುವ ರೂಪಕ್ಕೆ ತರಲು ಲೇಖಕರ ಅನುಮತಿ ಬೇಕಿಲ್ಲ. ಸಂಸ್ಥೆಗಳು ಲಾಭಕ್ಕಾಗಿ ಮಾಡಬಾರದು, ತಯಾರಿಕೆಯ ವೆಚ್ಚಕ್ಕಿಂತ ಹೆಚ್ಚು ಪಡೆಯಬಾರದು, ಪ್ರತಿಯು ಸಾಮಾನ್ಯ ವ್ಯಾಪಾರದ ದಾರಿಗೆ ಹೋಗದಂತೆ ಎಚ್ಚರ ವಹಿಸಬೇಕು ಎಂಬವು ಷರತ್ತುಗಳು. ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದ ಕೀರ್ತಿ ಭಾರತದ್ದು. 2016ರಲ್ಲಿ ಕೇಂದ್ರ ಸರ್ಕಾರವು ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲ ಗ್ರಂಥಾಲಯವನ್ನು ತೆರೆಯಿತು. ಅದೇ ವರ್ಷದ ವಿಕಲಚೇತನರ ಹಕ್ಕುಗಳ ಅಧಿನಿಯಮವು ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ ಹದಿನೆಂಟು ವರ್ಷದವರೆಗೆ ಪುಸ್ತಕಗಳನ್ನೂ ಕಲಿಕೆಯ ಸಾಮಗ್ರಿಯನ್ನೂ ಉಚಿತವಾಗಿ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. 1995ರ ಹಳೆಯ ಕಾಯಿದೆಯ ಪಟ್ಟಿಯಲ್ಲಿ ಇಲ್ಲದ ಕಲಿಕೆಯ ನ್ಯೂನತೆಯೂ ಇದರಲ್ಲಿ ಸೇರಿತು. ಇಷ್ಟಾದರೂ ಎರಡು ಕೊರತೆಗಳನ್ನು ಹೇಳಲೇಬೇಕು. ಕೃತಿಸ್ವಾಮ್ಯದ ತಿದ್ದುಪಡಿಯು ರೂಪಾಂತರಕ್ಕೆ ಅನುಮತಿಯನ್ನು ಕೊಡುತ್ತದೆಯೇ ಹೊರತು, ಕಡತವನ್ನು ಕೊಡಿರೆಂದು ಪ್ರಕಾಶಕನಿಗೆ ಹೇಳುವುದಿಲ್ಲ. ಅಧಿನಿಯಮದ ಉಚಿತ ಸೌಲಭ್ಯವು ಪ್ರಮಾಣಪತ್ರದ ಅಳತೆಗೆ ನಿಲುಕಿದವರಿಗೆ. ಅಳತೆಗೆ ನಿಲುಕದೆ ದಡ್ಡನೆನಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಅಲ್ಲ. ಈ ಎರಡು ಕೊರತೆಗಳನ್ನು ತುಂಬಬಲ್ಲವರು ಪುಸ್ತಕವನ್ನು ಅಚ್ಚು ಹಾಕಿಸುವವರು ಮತ್ತು ದಾನ ಮಾಡುವವರು.

ಆದುದರಿಂದ ದಾನದ ರೀತಿಯನ್ನೂ ವಿಮರ್ಶಿಸಬೇಕಾಗಿದೆ. ಹುಟ್ಟುಹಬ್ಬದ ದಿನ ಅಂಧರ ಶಾಲೆಯಲ್ಲಿ ಸಿಹಿಯೂಟ, ವಾರ್ಷಿಕೋತ್ಸವದಲ್ಲಿ ಊರ ಶಾಲೆಗೆ ನೋಟ್‌ಪುಸ್ತಕ, ಪರೀಕ್ಷೆಯ ಹೊತ್ತಿಗೆ ಬರೆದುಕೊಡಲು ಒಬ್ಬ ಲಿಪಿಕಾರ, ಇವೆಲ್ಲ ಒಳ್ಳೆಯ ಮನಸ್ಸಿನ ಕಾರ್ಯಗಳೇ. ಆದರೆ ಪರೀಕ್ಷೆಯ ಮೂರು ಗಂಟೆ ಬರೆಯುವ ಕೈಯನ್ನು ಒದಗಿಸಿ, ವರ್ಷವಿಡೀ ಓದಬೇಕಾದ ಪುಸ್ತಕವನ್ನು ಒದಗಿಸದಿದ್ದರೆ ಆ ಕೈ ಬರೆಯುವುದಾದರೂ ಏನನ್ನು? ಗಿರಾಕಿಗೆ ಬೇಕಾದುದನ್ನು ಕೇಳದೆ ಅಂಗಡಿಯಲ್ಲಿ ಇದ್ದುದನ್ನು ಕಟ್ಟಿಕೊಡುವವನನ್ನು ಜಾಣ ವ್ಯಾಪಾರಿ ಎನ್ನುವುದಿಲ್ಲ. ದಾನದಲ್ಲಿ ಮಾತ್ರ ಇದೇ ಪದ್ಧತಿ ಪುಣ್ಯವೆನಿಸಿಕೊಳ್ಳುತ್ತದೆ. ಪಡೆಯುವವನು ದೂರುವುದಿಲ್ಲವಾದುದರಿಂದ ಕೊಡುವವನಿಗೆ ತನ್ನ ತಪ್ಪು ತಿಳಿಯುವುದೂ ಇಲ್ಲ.

ಇನ್ನೊಂದು ಮಾತು ಸ್ವಲ್ಪ ಕಠಿಣವಾದರೂ ಹೇಳದೆ ಬಿಡಲಾಗದು. ಅದು ಅವರವರ ಕರ್ಮದ ಫಲ, ಯಾರೇನು ಮಾಡಲು ಬರುತ್ತದೆ ಎಂಬ ನಿಟ್ಟುಸಿರು ಧಾರ್ಮಿಕ ಕುಟುಂಬಗಳಲ್ಲೂ ಕೇಳಿಬರುತ್ತದೆ. ಕರ್ಮಸಿದ್ಧಾಂತವು ತನ್ನ ಆತ್ಮದ ಲೆಕ್ಕವನ್ನು ತಾನು ನೋಡಿಕೊಳ್ಳುವುದಕ್ಕೆ ಹೇಳಿದ್ದೇ ಹೊರತು, ಇತರರ ಕಷ್ಟಕ್ಕೆ ಬೆನ್ನು ತಿರುಗಿಸುವುದಕ್ಕಲ್ಲ. ಇತರರ ಜ್ಞಾನಾರ್ಜನೆಗೆ ಅಂತರಾಯವನ್ನುಂಟುಮಾಡುವುದು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ತಿಳಿಸುತ್ತದೆ. ನಿವಾರಿಸಲು ಸುಲಭವಾದ ಅಡ್ಡಿಯನ್ನು ತಿಳಿದೂ ಹಾಗೆಯೇ ಉಳಿಸುವುದು ಅಂತರಾಯಕ್ಕೆ ಎಷ್ಟು ದೂರ ಎಂಬುದನ್ನು ವಿಚಾರವಂತರೇ ತೂಗಿ ನೋಡಲಿ. ದರ್ಶನವನ್ನು ವಿಂಗಡಿಸುವಾಗ ಚಕ್ಷುದರ್ಶನದ ಜೊತೆಗೆ, ಇತರ ಇಂದ್ರಿಯಗಳಿಂದಲೂ ಮನಸ್ಸಿನಿಂದಲೂ ಆಗುವ ಅಚಕ್ಷುದರ್ಶನಕ್ಕೂ ಆಚಾರ್ಯರು ಪ್ರತ್ಯೇಕ ಹೆಸರನ್ನಿಟ್ಟಿದ್ದಾರೆ. ಕಣ್ಣೊಂದೇ ತಿಳಿವಿನ ಬಾಗಿಲೆಂದು ಅವರು ಭಾವಿಸಿರಲಿಲ್ಲ.

ಶಾಸ್ತ್ರದ ರೂಪವನ್ನು ಬದಲಿಸುವುದು ಅವಿನಯವೆಂಬ ಅಳುಕಿಗೆ ಮೂಡುಬಿದಿರೆಯ ಇತಿಹಾಸವೇ ಉತ್ತರ ಕೊಡುತ್ತದೆ. ಷಟ್ಖಂಡಾಗಮದ ಧವಲಾ ಟೀಕೆಯ ತಾಡವಾಲೆಗಳು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಸುರಕ್ಷಿತವಾಗಿದ್ದವು. ಬಹುಕಾಲ ಅವುಗಳಿಗೆ ಪೂಜೆ ಸಲ್ಲುತ್ತಿತ್ತು, ದರ್ಶನ ನಡೆಯುತ್ತಿತ್ತು, ಓದು ನಡೆಯುತ್ತಿರಲಿಲ್ಲ. ಮುಂದೆ ಪ್ರತಿಗಳಾಗಿ, ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ ಹದಿನಾರು ಸಂಪುಟಗಳಲ್ಲಿ ನಾಗರೀ ಲಿಪಿಯಲ್ಲಿ ಅಚ್ಚಾದ ಮೇಲೆ ಆ ಗ್ರಂಥಕ್ಕೆ ದೇಶದಾದ್ಯಂತ ಓದುಗರು ದೊರೆತರು. ಅದಕ್ಕೂ ಬಹಳ ಹಿಂದೆ, ಕಂಠಸ್ಥವಾಗಿದ್ದ ಆಗಮವು ಸ್ಮೃತಿದೌರ್ಬಲ್ಯದಿಂದ ನಷ್ಟವಾದೀತೆಂದು ಧರಸೇನಾಚಾರ್ಯರು ಪುಷ್ಪದಂತ ಭೂತಬಲಿಗಳಿಗೆ ಬೋಧಿಸಿ, ಅದು ಬರಹಕ್ಕೆ ಇಳಿದ ದಿನವನ್ನೇ ಸಮಾಜವು ಶ್ರುತಪಂಚಮಿಯೆಂದು ಆಚರಿಸುತ್ತದೆ. ಕಿವಿಯಿಂದ ಓಲೆಗೆ, ಓಲೆಯಿಂದ ಅಚ್ಚಿಗೆ ಬಂದ ಶ್ರುತವು ಅಚ್ಚಿನಿಂದ ಬೆರಳ ತುದಿಗೂ ಮರಳಿ ಕಿವಿಗೂ ಹೋದರೆ ಅದಕ್ಕೆ ಕುಂದೇನು?

ಮಾಡಬೇಕಾದ ಕೆಲಸ ದೊಡ್ಡದಲ್ಲ. ಪುಸ್ತಕವನ್ನು ಅಚ್ಚಿಗೆ ಕೊಡುವಾಗ ಟ್ರಸ್ಟು ಮುದ್ರಣಾಲಯಕ್ಕೆ ಬರೆಯುವ ಆದೇಶದಲ್ಲಿ, ಯೂನಿಕೋಡಿನಲ್ಲಿರುವ ಕಡತವನ್ನೂ ಒಪ್ಪಿಸತಕ್ಕದ್ದು ಎಂಬ ಒಂದು ವಾಕ್ಯವನ್ನು ಸೇರಿಸಬೇಕು. ಅಧ್ಯಾಯಗಳ ಶೀರ್ಷಿಕೆಗಳನ್ನು ಬರಿಯ ದಪ್ಪಕ್ಷರದಿಂದ ತೋರಿಸದೆ ಶೀರ್ಷಿಕೆಯೆಂದೇ ಕಡತದಲ್ಲಿ ಗುರುತಿಸಬೇಕು. ಆಗ ಕೇಳುವ ಓದುಗನು ಬೇಕಾದ ಅಧ್ಯಾಯಕ್ಕೆ ನೇರವಾಗಿ ಹೋಗಬಲ್ಲನು. ಚಿತ್ರಗಳಿಗೆ ಎರಡು ಮೂರು ಸಾಲಿನ ವಿವರಣೆ ಇರಬೇಕು. ಹಳೆಯ ಪ್ರಕಟಣೆಗಳ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ತಿದ್ದುವ ಕೆಲಸವನ್ನು ಮಹಿಳಾ ಸಮಾಜಗಳೂ ಯುವಕ ಸಂಘಗಳೂ ವಹಿಸಿಕೊಳ್ಳಬಹುದು. ಕರಡು ತಿದ್ದುವುದೂ ಸ್ವಾಧ್ಯಾಯವೇ. ಶಾಲೆಗಳಿಗೆ ಪುಸ್ತಕ ಕೊಡುವ ಮೊದಲು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿದರೆ, ಯಾವ ಶಾಲೆಯಲ್ಲಿ ಯಾವ ರೂಪದ ಪುಸ್ತಕ ಬೇಕಾಗಿದೆ ಎಂಬುದು ತಿಳಿಯುತ್ತದೆ. ಕೊನೆಯದಾಗಿ, ಸಿದ್ಧವಾದ ಪುಸ್ತಕವನ್ನು ಅದನ್ನು ಬಳಸುವ ವಿದ್ಯಾರ್ಥಿಯ ಕೈಗೇ ಕೊಟ್ಟು ಪರೀಕ್ಷಿಸಬೇಕು. ಟ್ರಸ್ಟಿನ ಜಮಾಖರ್ಚನ್ನು ಲೆಕ್ಕಪರಿಶೋಧಕರು ನೋಡುವಂತೆ, ಪುಸ್ತಕದ ಲೆಕ್ಕಪರಿಶೋಧನೆ ಮಾಡಬೇಕಾದವನು ಓದುಗನೇ.

ಹೀಗೆ ಮಾಡಿದರೆ ವೆಚ್ಚ ಹೆಚ್ಚುವುದಕ್ಕಿಂತ, ಒಮ್ಮೆ ಮಾಡಿದ ವೆಚ್ಚ ಪೂರ್ಣವಾಗಿ ಫಲ ಕೊಡುತ್ತದೆ. ವಾರ್ಷಿಕ ವರದಿಯಲ್ಲಿ ಅಚ್ಚಾದ ಪ್ರತಿಗಳ ಸಂಖ್ಯೆಯ ಪಕ್ಕದಲ್ಲಿ ಮತ್ತೊಂದು ಕಾಲವನ್ನು ಎಳೆದು, ಆ ಪುಸ್ತಕವು ಯಾವ ಯಾವ ರೂಪದಲ್ಲಿ ದೊರೆಯುತ್ತದೆ ಎಂಬುದನ್ನು ಬರೆಯುವ ಪದ್ಧತಿಯನ್ನು ಈ ವರ್ಷದ ಶ್ರುತಪಂಚಮಿಯಿಂದಲೇ ಯಾವ ಟ್ರಸ್ಟಾದರೂ ಆರಂಭಿಸಬಹುದು. ಮೊದಲ ವರ್ಷ ಆ ಕಾಲ ಖಾಲಿಯಾಗಿಯೇ ಇರಬಹುದು. ಖಾಲಿ ಇದೆಯೆಂದು ಕಣ್ಣಿಗೆ ಕಂಡರೆ ತುಂಬುವ ಮನಸ್ಸೂ ಬರುತ್ತದೆ.